ಟೈರ್ ಗಾಳಿಯ ಹಳದಿ ದೀಪ: ಕಾರಣ ಹುಡುಕಿದ ನನ್ನ ಅನುಭವ

ಡ್ಯಾಶ್‌ಬೋರ್ಡ್‌ನಲ್ಲಿ ಲಾಳದ ಆಕಾರದ ಗುರುತಿನೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಹಳದಿ ದೀಪ ಹೊತ್ತಿಕೊಂಡರೆ, ಬಹಳಷ್ಟು ಜನ ಬಂಕ್‌ಗೆ ಹೋಗಿ ನಾಲ್ಕೂ ಚಕ್ರಗಳಿಗೆ ಗಾಳಿ ಹಾಕಿಸಿ, ದೀಪ ಆರಿದ ಕೂಡಲೇ ಆ ವಿಷಯವನ್ನು ಮರೆತುಬಿಡುತ್ತಾರೆ. ಆದರೆ ಗಾಳಿ ಏಕೆ ಇಳಿಯಿತು ಎಂಬುದನ್ನು ದೀಪ ಹೇಳುವುದಿಲ್ಲ, ಅದನ್ನು ನಾವೇ ಹುಡುಕಬೇಕು. ಹಾಸನದ ಡಿಸೆಂಬರ್ ಚಳಿಯಲ್ಲಿ ನನ್ನ ಕಾರಿನಲ್ಲಿ ಈ ದೀಪ ಹೊತ್ತಿದಾಗ ನಾನು ಹುಡುಕಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಕಾರನ್ನು ಕದಲಿಸದೆ, ನನ್ನದೇ ಗೇಜ್‌ನಿಂದ ನಾಲ್ಕೂ ಟೈರ್‌ಗಳನ್ನು ಅಳೆದದ್ದು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಕಾಣುವ ಚೀಟಿಯಲ್ಲಿ ಕಂಪನಿ ಸೂಚಿಸಿದ ಒತ್ತಡ ನಮೂದಾಗಿರುತ್ತದೆ. ನನ್ನ ಕಾರಿಗೆ ಅದು 33 ಪಿಎಸ್‌ಐ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರ್ ತಡೆದುಕೊಳ್ಳಬಲ್ಲ ಗರಿಷ್ಠ ಒತ್ತಡವೇ ಹೊರತು, ಅಷ್ಟು ಗಾಳಿ ಹಾಕಬೇಕೆಂಬ ಸೂಚನೆಯಲ್ಲ. ಚೀಟಿಯಲ್ಲಿರುವ ಅಂಕಿ ತಣ್ಣಗಿನ ಟೈರ್‌ಗೆ ಅನ್ವಯಿಸುತ್ತದೆ, ಅಂದರೆ ಕಾರು ಕನಿಷ್ಠ ಮೂರು ಗಂಟೆಯಾದರೂ ನಿಂತಿರಬೇಕು. ಅಂದು ಮೂರು ಚಕ್ರಗಳಲ್ಲಿ 31ರ ಆಸುಪಾಸು ಇತ್ತು, ಹಿಂದಿನ ಬಲಗಡೆಯದರಲ್ಲಿ ಮಾತ್ರ 24.

ಈ ವ್ಯತ್ಯಾಸವೇ ಮುಖ್ಯವಾದ ಸುಳಿವು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನಲ್ಲಿ ಒಂದೂವರೆಯಿಂದ ಎರಡು ಪಿಎಸ್‌ಐ ಕಡಿಮೆಯಾಗುತ್ತದೆ. ಚಳಿಯಿಂದಲೇ ಇಳಿದಿದ್ದರೆ ನಾಲ್ಕೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯಬೇಕಿತ್ತು. ಒಂದು ಚಕ್ರ ಉಳಿದವುಗಳಿಗಿಂತ ಏಳು ಪಿಎಸ್‌ಐ ಕೆಳಗಿದ್ದುದರಿಂದ ಅಲ್ಲೆಲ್ಲೋ ಗಾಳಿ ಸೋರುತ್ತಿದೆ ಎಂದು ನಿಶ್ಚಯಿಸಿದೆ.

ಕಾರಿನ ಸಾಕೆಟ್‌ನಿಂದ ನಡೆಯುವ ಸಣ್ಣ ಪಂಪ್‌ನಲ್ಲಿ 33ಕ್ಕೆ ಗಾಳಿ ತುಂಬಿ, ಸೋಪಿನ ನೀರನ್ನು ಟೈರಿನ ಮೇಲೆ, ರಿಮ್ಮಿನ ಅಂಚಿಗೆ, ಕೊನೆಗೆ ವಾಲ್ವ್‌ನ ಬಾಯಿಗೆ ಹಚ್ಚಿದೆ. ಟೈರಿನಲ್ಲಿ ಮೊಳೆಯೂ ಇರಲಿಲ್ಲ, ಗುಳ್ಳೆಯೂ ಏಳಲಿಲ್ಲ. ವಾಲ್ವ್‌ನ ಬಾಯಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಸೋರುತ್ತಿದ್ದುದು ಒಳಗಿನ ಪಿನ್. ಅದನ್ನು ಬದಲಿಸುವುದು ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ, ಆದರೆ ನನ್ನ ಕಾರಿನ ಚಕ್ರಗಳಲ್ಲಿ ವಾಲ್ವ್‌ಗೆ ಅಂಟಿಕೊಂಡಂತೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಒಂದು ಎಚ್ಚರಿಕೆ ಅಗತ್ಯವಾಗಿತ್ತು. ಇಂಥ ಅಲ್ಯೂಮಿನಿಯಂ ವಾಲ್ವ್‌ಗೆ ನಿಕ್ಕಲ್ ಲೇಪನವಿರುವ ಪಿನ್ನನ್ನೇ ಹಾಕಬೇಕು. ಬರೀ ಹಿತ್ತಾಳೆಯದನ್ನು ಹಾಕಿದರೆ ತೇವ ತಗುಲಿ ಎರಡೂ ಲೋಹಗಳು ಕಚ್ಚಿಕೊಂಡು, ಮುಂದೆ ತೆಗೆಯಲು ಹೋದಾಗ ವಾಲ್ವೇ ಹಾಳಾಗುತ್ತದೆ. ಟೈರನ್ನು ರಿಮ್ಮಿನಿಂದ ಬಿಡಿಸುವ ಸಂದರ್ಭ ಬಂದಾಗಲೂ ನಾನು ಪಕ್ಕದಲ್ಲೇ ನಿಂತು, "ಅಣ್ಣಾ, ವಾಲ್ವ್ ಹತ್ತಿರ ಸೆನ್ಸರ್ ಇದೆ, ಆ ಕಡೆ ರಾಡ್ ಹಾಕಬೇಡಿ" ಎಂದು ಮೊದಲೇ ಹೇಳುತ್ತೇನೆ.

ನಾಲ್ಕೂ ಟೈರ್‌ಗಳು ಸಮನಾಗಿ ಇಳಿದಿದ್ದರೆ ಕಾರಣ ಚಳಿಯಾಗಿರಬಹುದು, ಇಲ್ಲವೇ ಬಂಕ್‌ನಲ್ಲಿ ಗಾಳಿ ಹಾಕಿಸಿದ ರೀತಿಯಾಗಿರಬಹುದು. ಓಡಿ ಬಿಸಿಯಾದ ಟೈರ್ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುವುದರಿಂದ, ಆಗ 33ಕ್ಕೆ ನಿಲ್ಲಿಸಿದರೆ ಮರುದಿನ ಬೆಳಗ್ಗೆ 29ಕ್ಕೆ ಇಳಿದಿರುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾಗಿದೆ: ಮನೆಯಲ್ಲಿ ತಣ್ಣಗಿರುವಾಗಲೇ ಅಳೆದು, ಎಷ್ಟು ಕಡಿಮೆಯಿದೆ ಎಂಬುದನ್ನು ಬರೆದುಕೊಂಡು ಹೋಗುತ್ತೇನೆ. ಮನೆಯಲ್ಲಿ 29 ಇದ್ದ ಟೈರ್ ಬಂಕ್‌ನ ಮೀಟರಿನಲ್ಲಿ 32 ತೋರಿಸಿದರೆ, ಕೊರತೆಯ ನಾಲ್ಕನ್ನು ಸೇರಿಸಿ 36ಕ್ಕೆ ಹಾಕಿಸುತ್ತೇನೆ. ಬಿಸಿಯಾದ ಟೈರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಡಿಸುವುದನ್ನಂತೂ ಎಂದೂ ಮಾಡುವುದಿಲ್ಲ.

ನನ್ನ ಭಾವಮೈದುನನ ಕಾರಿನಲ್ಲಿ ಚಕ್ರದೊಳಗೆ ಸೆನ್ಸರ್ ಇಲ್ಲ. ಅಲ್ಲಿ ಎಬಿಎಸ್‌ಗಾಗಿ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ವೇಗದ ಸೆನ್ಸರ್‌ಗಳೇ ಈ ಕೆಲಸವನ್ನೂ ಮಾಡುತ್ತವೆ: ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗಿ, ಉಳಿದವುಗಳಿಗಿಂತ ಹೆಚ್ಚು ಸುತ್ತು ತಿರುಗುವುದನ್ನು ಕಾರು ಗಮನಿಸುತ್ತದೆ. ಇಂಥ ವ್ಯವಸ್ಥೆಗೆ ಒತ್ತಡ ಎಷ್ಟಿದೆ ಎಂಬುದೇ ಗೊತ್ತಿರುವುದಿಲ್ಲ. ರೀಸೆಟ್ ಒತ್ತಿದಾಗ ಇರುವ ಸ್ಥಿತಿಯನ್ನೇ ಸರಿಯೆಂದು ಕಲಿತುಕೊಳ್ಳುತ್ತದೆ. ಆದ್ದರಿಂದ ಗಾಳಿ ಅಳೆಯದೆ ರೀಸೆಟ್ ಒತ್ತುವುದು ದೀಪವನ್ನು ನಿರುಪಯುಕ್ತಗೊಳಿಸುವುದಕ್ಕೆ ಸಮ. ಮೊದಲು ನಾಲ್ಕಕ್ಕೂ ಸರಿಯಾದ ಗಾಳಿ, ಆಮೇಲೆ ರೀಸೆಟ್, ಆಮೇಲೆ ಸ್ವಲ್ಪ ದೂರ ಓಡಿಸುವುದು ಎಂದು ಅವನಿಗೆ ಒತ್ತಿ ಹೇಳಿದ್ದೇನೆ. ನಾಲ್ಕೂ ಟೈರ್‌ಗಳು ಒಟ್ಟಿಗೆ ನಿಧಾನವಾಗಿ ಇಳಿದರೆ ಇಂಥ ಕಾರುಗಳು ಗಮನಿಸದೇ ಹೋಗುವ ಸಾಧ್ಯತೆಯೂ ಇದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗಾಳಿ ಕಡಿಮೆಯಿರುವ ಟೈರಿನ ಮಗ್ಗುಲು ಪ್ರತಿ ಸುತ್ತಿನಲ್ಲೂ ಅತಿಯಾಗಿ ಬಾಗಿ ಬಿಸಿಯಾಗುತ್ತದೆ, ಹೆದ್ದಾರಿಯ ವೇಗದಲ್ಲಿ ಸಿಡಿಯಲೂಬಹುದು. ಅಮೆರಿಕದಲ್ಲಿ ಟೈರಿನ ಪದರ ಕಳಚಿ ಕಾರುಗಳು ಮಗುಚಿದ ಅಪಘಾತಗಳ ನಂತರವೇ 2000ದಲ್ಲಿ ಕಾನೂನು ಬಂದು, ಸೂಚಿಸಿದ ಒತ್ತಡಕ್ಕಿಂತ ಶೇ. 25ರಷ್ಟು ಕಡಿಮೆಯಾದರೆ ದೀಪ ಹೊತ್ತಬೇಕೆಂಬ ನಿಯಮ ರೂಪುಗೊಂಡಿತು. 33ರ ಕಾಲು ಭಾಗವೆಂದರೆ ಎಂಟು ಪಿಎಸ್‌ಐಗೂ ಹೆಚ್ಚು. ಅಂಥ ಮಿತಿಯಿರುವ ಕಾರಿನಲ್ಲಿ ದೀಪ ಹೊತ್ತುವ ವೇಳೆಗೆ ಟೈರ್ ಸಾಕಷ್ಟು ಸೊರಗಿರುತ್ತದೆ. ಭಾರತದಲ್ಲಿ 2020ರ ತಿದ್ದುಪಡಿಯ ನಂತರ, ಈ ದೀಪದ ವ್ಯವಸ್ಥೆಯೂ ಟ್ಯೂಬ್‌ಲೆಸ್ ಟೈರ್ ರಿಪೇರಿ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿಯಿಲ್ಲದ ಕಾರು ಕೊಂಡವರು ದೀಪವನ್ನು ಇನ್ನಷ್ಟು ಗಂಭೀರವಾಗಿ ನೋಡಬೇಕು.

ಕಾರು ಚಾಲೂ ಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ತೊಂದರೆ ಸಾಮಾನ್ಯವಾಗಿ ಸೆನ್ಸರ್‌ನದು. ಚಕ್ರದೊಳಗಿನ ಸೆನ್ಸರ್‌ನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಆದರೆ ಬ್ಯಾಟರಿಯನ್ನಷ್ಟೇ ಬದಲಿಸುವಂತಿಲ್ಲ. ಹೊಸ ಸೆನ್ಸರ್ ಹಾಕಿಸಿ ಅದನ್ನು ಕಾರಿಗೆ ಪರಿಚಯಿಸಬೇಕಾಗುತ್ತದೆ; ಟೈರ್ ಬದಲಿಸುವ ಹೊತ್ತಿಗೆ ಈ ಕೆಲಸ ಇಟ್ಟುಕೊಂಡರೆ ಬಿಚ್ಚುವ ಕೂಲಿ ಉಳಿಯುತ್ತದೆ. ನನ್ನ ಸ್ಟೆಪ್ನಿಯಲ್ಲಿ ಸೆನ್ಸರ್ ಇಲ್ಲ, ಹಾಗಾಗಿ ಅದರ ಗಾಳಿ ಇಳಿದರೆ ಯಾವ ದೀಪವೂ ಹೊತ್ತುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ಚಕ್ರಗಳನ್ನು ಅಳೆಯುವಾಗ ಡಿಕ್ಕಿ ತೆರೆದು ಅದನ್ನೂ ಅಳೆಯುತ್ತೇನೆ.