ಬೀಟಲ್ ಚಾಸಿಗೆ ಸ್ಪೀಡ್‌ಸ್ಟರ್ ಬಾಡಿ: ಆ 300 ಮಿ.ಮೀ.

1954ರಲ್ಲಿ ಬಂದ ಪೋರ್ಶೆ 356 ಸ್ಪೀಡ್‌ಸ್ಟರ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 2100 ಮಿ.ಮೀ. ಫೋಕ್ಸ್‌ವ್ಯಾಗನ್ ಬೀಟಲ್‌ನದು 2400. ಬೀಟಲ್ ಚಾಸಿಯ ಮೇಲೆ ಸ್ಪೀಡ್‌ಸ್ಟರ್‌ನ ನಕಲು ಫೈಬರ್ ಬಾಡಿ ಕೂರಬೇಕಾದರೆ ನಡುವಿನ 300 ಮಿ.ಮೀ. ಹೋಗಲೇಬೇಕು. ಎಂಜಿನ್ ಬದಲಿಸುವುದಕ್ಕಿಂತ ಹೆಚ್ಚು ದಿನ ಹಿಡಿದದ್ದು ಇದೇ ಕೆಲಸ.

50 ಮಿ.ಮೀ. ಬಾಕ್ಸ್ ಪೈಪಿನ ಚೌಕಟ್ಟು ಮಾಡಿ, ಚಾಸಿಯ ಮುಂದಿನ ತಲೆ, ಹಿಂದಿನ ಗೇರ್‌ಬಾಕ್ಸ್ ಕವಲು ಎರಡನ್ನೂ ಅದಕ್ಕೆ ಬೋಲ್ಟ್ ಹಾಕಿ ಬಿಗಿದೆ. ಚಾಸಿಯ ನಡುವೆ ಉದ್ದಕ್ಕೂ ಇರುವ ಪೊಳ್ಳು ಬೆನ್ನೆಲುಬು, ಅಂದರೆ ಟನಲ್ ಒಳಗೆ ಪೆಟ್ರೋಲ್ ಪೈಪ್ ಹಾದುಹೋಗುತ್ತದೆ. ಅದನ್ನು ಬರಿದು ಮಾಡಿ ತೊಳೆಯದೆ ಗ್ರೈಂಡರ್ ಹಚ್ಚಿದರೆ ಬೆಂಕಿ ಗ್ಯಾರಂಟಿ. ಕತ್ತರಿಸಿ ಕೂಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಳತೆ ಎರಡೂ ಕಡೆ 2 ಮಿ.ಮೀ. ಒಳಗೆ ಹೊಂದುವವರೆಗೂ ವೆಲ್ಡಿಂಗ್ ಶುರು ಮಾಡಲಿಲ್ಲ. ಒಂದೇ ಉಸಿರಿಗೆ ಉದ್ದಕ್ಕೆ ವೆಲ್ಡ್ ಎಳೆದರೆ ಕಾವಿಗೆ ಟನಲ್ ಬಾಳೆಕಾಯಿಯಂತೆ ಬಾಗುತ್ತದೆ. ಒಂದು ಬದಿಗೆ ಇಂಚಿನಷ್ಟು, ಆರಿದ ಮೇಲೆ ಎದುರು ಬದಿಗೆ ಇಂಚಿನಷ್ಟು.

ಎಲ್ಲರೂ ಎಡವುವುದು ಗೇರ್ ಲಿವರಿನಿಂದ ಹಿಂದಿನ ಗೇರ್‌ಬಾಕ್ಸಿಗೆ ಹೋಗುವ ಗೇರ್ ರಾಡಿನಲ್ಲಿ. ಅದನ್ನೂ 300 ಮಿ.ಮೀ. ಮೊಟಕು ಮಾಡಬೇಕು. ಆದರೆ ಲಿವರ್ ತುದಿ ಕೂರುವ ಮುಂದಿನ ಬಟ್ಟಲಿಗೂ ಹಿಂದಿನ ಜೋಡಣೆಗೂ ನಡುವಿನ ಕೋನ ಕದಲಬಾರದು. ಹಾಗಾಗಿ ಕತ್ತರಿಸುವ ಮುಂಚೆ ರಾಡಿನ ಬೆನ್ನ ಮೇಲೆ ಉದ್ದಕ್ಕೂ ಒಂದು ಗೆರೆ ಗೀರಿದೆ. ತುಂಡಾದ ಎರಡು ತುದಿಗೂ ಒಳಗಿನಿಂದ ಬಿಗಿಯಾದ ತೋಳು ಕೊಟ್ಟು, ಗೆರೆಗೆ ಗೆರೆ ಕೂಡಿಸಿ ವೆಲ್ಡ್ ಮಾಡಿದೆ. ಕೆಲವೇ ಡಿಗ್ರಿ ತಿರುಚಿಕೊಂಡರೂ ಯಾವುದೋ ಒಂದು ಗೇರ್ ಸರಿಯಾಗಿ ಬೀಳುವುದಿಲ್ಲ. ಆಮೇಲೆ ಪಾಪದ ಗೇರ್‌ಬಾಕ್ಸನ್ನು ಬೈಯುತ್ತಾ ಕೂರುವುದು! ಕ್ಲಚ್ ಕೇಬಲ್‌ನ ಹಿಂದಿನ ಬಳುಕುವ ಕೊಳವೆಗೆ 25ರಿಂದ 45 ಮಿ.ಮೀ. ಜೋಲು ಇರಲಿ. ನೆಟ್ಟಗಿದ್ದರೆ ಗಾಡಿ ಎತ್ತುವಾಗ ಕ್ಲಚ್ ನಡುಗುತ್ತದೆ.

ಎಂಜಿನ್ 90ರ ದಶಕದ ಮೊದಲ ವರ್ಷಗಳ ಸುಬಾರು ಇಜೆ22: 2.2 ಲೀಟರ್, ಸುಮಾರು 130 ಅಶ್ವಶಕ್ತಿ. ಅದೇ ಸಾಲಿನ ಇಜೆ25 ಇನ್ನೂ ಬಲಶಾಲಿ, ಆದರೆ ಹೆಡ್ ಗ್ಯಾಸ್ಕೆಟ್ ಸೋರುವ ಕಾಟ ಅದಕ್ಕೆ ಅಂಟಿಕೊಂಡಿದೆ. ಇಜೆ22ರಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವು ಪಿಸ್ಟನ್ನಿಗೆ ಬಡಿಯದು. ಬೀಟಲ್ ಎಂಜಿನ್ ತಿರುಗುವ ದಿಕ್ಕಿಗೇ ಇದೂ ತಿರುಗುವುದರಿಂದ ಗೇರ್‌ಬಾಕ್ಸಿನ ಕ್ರೌನ್ ವೀಲ್ (ಗಾಲಿಗಳಿಗೆ ತಿರುಗುವಿಕೆ ದಾಟಿಸುವ ದೊಡ್ಡ ಹಲ್ಲುಚಕ್ರ) ಮಗುಚಿ ಹಾಕುವ ರಗಳೆಯಿಲ್ಲ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವ ಅಡಾಪ್ಟರ್ ಪ್ಲೇಟ್ ಸಾಕು. ಸಂಪ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಮಾತ್ರ ಕೆಳಗೆ ಜೋತು ಬೀಳುತ್ತದೆ. ಅದನ್ನು ಗಿಡ್ಡ ಮಾಡಿ, ಎಣ್ಣೆ ಹೀರುವ ಪೈಪನ್ನೂ ಅಷ್ಟೇ ಮೊಟಕು ಮಾಡಿದೆ.

ಹೀಟರ್ ಬೇಡವೆಂದು ಅದರ ಎರಡು ಹೋಸ್‌ಗಳಿಗೆ ಬಿರಡೆ ಹಾಕಬೇಡಿ. ಸುಬಾರುವಿನ ಥರ್ಮೋಸ್ಟಾಟ್ (ಕಾವಿಗೆ ತಕ್ಕಂತೆ ರೇಡಿಯೇಟರಿನ ನೀರಿಗೆ ದಾರಿ ಬಿಡುವ ವಾಲ್ವು) ಇರುವುದು ನೀರು ಎಂಜಿನ್ನಿಗೆ ಒಳಬರುವ ಬದಿಯಲ್ಲಿ. ಹೀಟರ್ ದಾರಿಯಿಂದ ಬಿಸಿನೀರು ಬಂದು ತಾಗಿದರಷ್ಟೇ ಅದು ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ರೇಡಿಯೇಟರ್ ಮೂತಿಯಲ್ಲಿ, ಎಂಜಿನ್ ಬಾಲದಲ್ಲಿ ಇರುವ ಕಾರಿನಲ್ಲಿ ಆ ದಾರಿ ಮುಚ್ಚಿದರೆ ಮೀಟರ್ ಮುಳ್ಳು ಏರಿಳಿಯುತ್ತಲೇ ಇರುತ್ತದೆ. ಎರಡು ಹೋಸ್ ಸೇರಿಸಿ ಸುತ್ತು ಪೂರ್ತಿ ಮಾಡಿದರಾಯಿತು. ನೀರು ತುಂಬುವಾಗ ಮೂತಿಯನ್ನು ಜಾಕ್ ಮೇಲೆತ್ತಿ, ರೇಡಿಯೇಟರಿನ ನೆತ್ತಿಯ ತಿರುಪಿನಿಂದ ಗಾಳಿ ಬಿಟ್ಟೆ.

ಮುಂದೆ ಡಿಸ್ಕ್ ಬ್ರೇಕ್ ಹಾಕಿದರೆ ಡ್ರಮ್ ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪಿಗೆ ತಳ್ಳುವ ಭಾಗ) ಉಳಿಸಿಕೊಳ್ಳಬೇಡಿ. ಅದು ಪೈಪಿನಲ್ಲಿ ಹಿಡಿದಿಡುವ ಒತ್ತಡಕ್ಕೆ ಪ್ಯಾಡ್ ಸದಾ ಉಜ್ಜುತ್ತದೆ. ಫೈಬರ್ ಬಾಡಿಯಲ್ಲಿ ಕರೆಂಟ್ ಹರಿಯದು. ಪ್ರತಿ ದೀಪಕ್ಕೂ ಚಾಸಿವರೆಗೆ ಬೇರೆ ಅರ್ಥ್ ವೈರ್ ಬೇಕು. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಂಕಾದರೆ ಮೊದಲು ಅಲ್ಲೇ ಹುಡುಕಿ.