110-16 ಅಂದ್ರೆ 110.16 ಅಲ್ಲ

ಅಮೆರಿಕದ ಟ್ರೆಷರಿ ಫ್ಯೂಚರ್ಸ್‌ನಲ್ಲಿ, ಅಂದ್ರೆ ಅಲ್ಲಿನ ಸರ್ಕಾರಿ ಸಾಲಪತ್ರಗಳನ್ನು ಮುಂದಿನ ದಿನಾಂಕಕ್ಕೆ ಕೊಳ್ಳುವ-ಮಾರುವ ಕಾಂಟ್ರಾಕ್ಟ್‌ಗಳಲ್ಲಿ, ನಾನು ಮೊದಲು ಎಡವಿದ್ದು ಒಂದು ಚಿಕ್ಕ ಗೆರೆಗೆ. 10 ವರ್ಷದ ನೋಟ್‌ನ (ಸಾಲಪತ್ರದ) ಬೆಲೆ 110-16 ಅಂತ ಇತ್ತು. ಸುಮ್ನೆ 110.16 ಅಂತ ಎಕ್ಸೆಲ್‌ಗೆ ಹಾಕಿಬಿಟ್ಟೆ. ಒಂದು ಕಾಂಟ್ರಾಕ್ಟ್‌ಗೇ 340 ಡಾಲರ್ ವ್ಯತ್ಯಾಸ ಬಂತು!

ಗೆರೆಯ ಬಲಕ್ಕಿರುವುದು 32ರಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ. ಅಜ್ಜನ ಕಾಲದಲ್ಲಿ ರೂಪಾಯಿಗೆ 16 ಆಣೆ ಇತ್ತಲ್ವಾ, ಇಲ್ಲಿ ಪಾಯಿಂಟಿಗೆ, ಅಂದ್ರೆ ಬೆಲೆಯ ಒಂದು ಪೂರ್ಣ ಅಂಕಕ್ಕೆ, 32 ಆಣೆ ಅಂದುಕೊಳ್ಳಿ. 16 ಅಂದ್ರೆ ಅರ್ಧ. ಹಾಗಾಗಿ ನಿಜವಾದ ಬೆಲೆ 110.5.

ಈ ಕಾಂಟ್ರಾಕ್ಟ್‌ನ ಮುಖಬೆಲೆ 1 ಲಕ್ಷ ಡಾಲರ್. ಒಂದು ಪಾಯಿಂಟ್ ಅಂದ್ರೆ 1,000 ಡಾಲರ್, ಅದರ 32ನೇ ಒಂದು ಭಾಗ 31.25 ಡಾಲರ್. ಟಿಕ್, ಅಂದ್ರೆ ಬೆಲೆಯ ಅತಿ ಚಿಕ್ಕ ಹೆಜ್ಜೆ, ಅದರಲ್ಲೂ ಅರ್ಧ: 15.625 ಡಾಲರ್. ಆ ಅರ್ಧವನ್ನು ಕೊನೆಯಲ್ಲಿ 5 ಹಾಕಿ ತೋರಿಸುತ್ತಾರೆ. 110-205 ಅಂದ್ರೆ ಇಪ್ಪತ್ತೂವರೆ, ಇನ್ನೂರೈದಲ್ಲ.

110-16ಕ್ಕೆ ಕೊಂಡು 110-205ಕ್ಕೆ ಮಾರಿದರೆ? ನಾಲ್ಕೂವರೆ ಭಾಗ, ಅಂದ್ರೆ 9 ಟಿಕ್. ಲಾಭ 140.625 ಡಾಲರ್, ಕಮಿಷನ್ ಕಳೆಯುವ ಮೊದಲು.

5 ವರ್ಷದ ನೋಟ್‌ಗೆ ಟಿಕ್ ಇನ್ನೂ ಚಿಕ್ಕದು, 32ನೇ ಒಂದು ಭಾಗದ ಕಾಲು: 7.8125 ಡಾಲರ್. ಅಲ್ಲಿ ಕೊನೆಯ ಅಂಕಿ 2 ಇದ್ದರೆ ಕಾಲು, 7 ಇದ್ದರೆ ಮುಕ್ಕಾಲು. ನನಗೆ ಜಾಸ್ತಿ ತಲೆ ತಿಂದಿದ್ದು ಇದೇ. ಈಗ ಎಕ್ಸೆಲ್‌ನಲ್ಲಿ ನೇರವಾಗಿ =110+20.5/32 ಅಂತಲೇ ಬರೆಯುತ್ತೇನೆ.