ಸೂಟಿಯಲ್ಲಿ ವಾಟ್ಸಾಪ್ ಲೆಕ್ಕ: ಮೂರನೇ ಬೇಸಿಗೆಗೆ ಕೈ ಹಿಡಿಯಿತು

ಈ ಸಲ ಶಾಲೆ ಶುರುವಾದ ವಾರ, ಆರರಿಂದ ಏಳಕ್ಕೆ ಬಂದ ಮಕ್ಕಳಿಗೆ ಭಾಗಾಕಾರ ಕೊಟ್ಟೆ. ನಲವತ್ತರಲ್ಲಿ ಮೂವತ್ತರ ಹತ್ತಿರ ಸರಿ ಮಾಡಿದರು. ಹೋದ ವರ್ಷ ಹತ್ತೂ ದಾಟಿರಲಿಲ್ಲ. "ಸೂಟ್ಯಾಗ ಯಾರ್ ಓದ್ತಾರ್ರೀ ಮೇಡಂ" ಅಂದವರೇ ಈಗ ಹೆಂಗ್ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ಮೊದಲ ಬೇಸಿಗೆ ಗ್ರೂಪ್ ಮಾಡಿ ದಿನಾ ಪಿಡಿಎಫ್ ಹಾಕಿದೆ. ಯಾರೂ ತೆರೆಯಲಿಲ್ಲ. ಮೊಬೈಲ್ ಅಪ್ಪನ ಜೊತೆ ಹೊಲದಲ್ಲಿ. ಮೇಲೆ, ಗ್ರೂಪಿನಿಂದ ತಾಯಂದಿರ ನಂಬರ್ ಹೊರಗೆ ಹೋಗಿ ಒಬ್ಬರಿಗೆ ಬೇಡದ ಕರೆ ಬಂತು. ಆ ದಿನವೇ ಗ್ರೂಪ್ ಮುಚ್ಚಿದೆ. ಎರಡನೇ ಬೇಸಿಗೆ ಯೂಟ್ಯೂಬ್. ಮೈಕು, ಸ್ಟ್ಯಾಂಡು, ಲೈಟು ಅಂತ ನಾಲ್ಕು ಸಾವಿರದ ಹತ್ತಿರ ಸುರಿದೆ. ಒಂದು ವಿಡಿಯೋಗೆ ಎರಡು ರಾತ್ರಿ. ನೋಡಿದವರು ಹನ್ನೊಂದೋ ಹನ್ನೆರಡೋ ಜನ. ಆ ದುಡ್ಡು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮೂರನೇ ಸಲ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟ್. ಒಂದೇ ಮೆಸೇಜ್ ಲಿಸ್ಟಿನಲ್ಲಿರೋ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ. ನಂಬರ್ ಯಾರಿಗೂ ಕಾಣಲ್ಲ, ಉತ್ತರ ನನಗೊಬ್ಬಳಿಗೇ ಬರುತ್ತದೆ. ಆದರೆ ಅವರ ಫೋನಿನಲ್ಲಿ ನನ್ನ ನಂಬರ್ ಸೇವ್ ಆಗಿರಲೇಬೇಕು, ಇಲ್ಲದಿದ್ರೆ ಮೆಸೇಜ್ ಮುಟ್ಟಲ್ಲ. ಇದು ಗೊತ್ತಾಗೋಕೆ ಹತ್ತು ದಿನ ಹೋಯ್ತು. ಕೊನೆಗೆ ಮನೆಮನೆಗೆ ಹೋಗಿ ನಾನೇ ಸೇವ್ ಮಾಡಿ ಬಂದೆ.

ರಾತ್ರಿ ಎಂಟೂವರೆಗೆ ಒಂದು ನಿಮಿಷದ ವಾಯ್ಸ್, ಒಂದೇ ಪ್ರಶ್ನೆ. ಉತ್ತರವೂ ವಾಯ್ಸೇ. ಡೇಟಾ ಜಾಸ್ತಿ ತಿನ್ನಲ್ಲ.

ಎಲ್ಲ ತಿರುಗಿದ್ದು ರೊಟ್ಟಿ ಪ್ರಶ್ನೆಯಿಂದ. "ಒಂದು ಕೇಜಿ ಜೋಳದ ಹಿಟ್ಟಿಗೆ ಅವ್ವ ಎಷ್ಟು ರೊಟ್ಟಿ ಬಡೀತಾರ? ಒಂದಕ್ಕೆ ಎಷ್ಟು ಗ್ರಾಂ ಹಿಟ್ಟು?" ಒಬ್ಬ ಹನ್ನೆರಡು ಅಂದ, ಇನ್ನೊಬ್ಬಳು ಇಪ್ಪತ್ತು. ಎಂಬತ್ಮೂರು ಗ್ರಾಂ ಎಲ್ಲಿ, ಐವತ್ತು ಎಲ್ಲಿ! "ಅಕ್ಕಾರ, ನಮ್ಮವು ತೆಳ್ಳನ ಖಡಕ್ ರೊಟ್ರೀ" ಅಂತ ಒಬ್ಬ ತಾಯಿ ತಾವೇ ಮಾತಾಡಿ ಕಳಿಸಿದರು. ಆಮೇಲೆ ನಾನು ನೆನಪು ಮಾಡೋದೇ ಬೇಕಾಗಲಿಲ್ಲ, ಎಂಟೂವರೆಗೆ ಮನೆಯವರೇ ಕಾಯುತ್ತಿದ್ದರು. ಶನಿವಾರದ ಪ್ರಶ್ನೆ ಬೇರೆ ತರಹದ್ದು. ಅದನ್ನು ಹೇಗೆ ಆರಿಸುತ್ತೇನೆ ಅಂತ ಇಲ್ಲಿ ಬರೆಯಲ್ಲ, ಮುಂದಿನ ಸೂಟಿಗೂ ಅದು ಬೇಕು.

ನಡುವೆ ಲಕ್ಕುಂಡಿ ಪ್ರಯೋಗವೂ ಆಯ್ತು. ಆರು ಮಕ್ಕಳು ದೊಡ್ಡವರ ಜೊತೆ ಅಲ್ಲಿನ ಹಳೇ ಮೆಟ್ಟಿಲು ಬಾವಿ, ಮುಸುಕಿನ ಬಾವಿಗೆ ಹೋಗಿ ಮೆಟ್ಟಿಲು ಎಣಿಸಿದರು. ಒಂದರ ಎತ್ತರವನ್ನು ಗೇಣಿನಲ್ಲಿ ಅಳೆದು ಗುಣಿಸಿ ಆಳ ಹೇಳಿದರು. ಆರು ಗೇಣು, ಆರು ಉತ್ತರ! ಅಳತೆಗೆ ಸ್ಕೇಲು ಯಾಕೆ ಬೇಕು ಅಂತ ನಾನು ಹೇಳಲೇ ಇಲ್ಲ, ಅವರೇ ಹೇಳಿದರು. ಸ್ಟೇಟಸ್‌ನಲ್ಲಿ ಉತ್ತರ ಹಾಕಿಯೂ ನೋಡಿದೆ. ಮಕ್ಕಳು ಲೆಕ್ಕ ಬಿಟ್ಟು ಸ್ಟೇಟಸ್ ಕಾಯತೊಡಗಿದರು. ನಿಲ್ಲಿಸಿದೆ.

ಖರ್ಚು? ಐದಾರು ಮನೆಗಳ ರೀಚಾರ್ಜ್ ಸೇರಿ ಸಾವಿರದೈನೂರು ಇರಬಹುದು. ಗೋವಾಕ್ಕೆ ದುಡಿಯಲು ಹೋದ ಮನೆಯ ಹುಡುಗಿಯೊಬ್ಬಳು ಅಲ್ಲಿಂದಲೇ ಕೊನೇ ದಿನದವರೆಗೂ ಉತ್ತರ ಕಳಿಸಿದಳು. ಬಟನ್ ಫೋನಿನ ನಾಲ್ಕು ಮನೆಗಳನ್ನು ಮಾತ್ರ ಮುಟ್ಟಲು ಆಗಲಿಲ್ಲ. ಮುಂದಿನ ಏಪ್ರಿಲ್‌ನಿಂದ ಅವರಿಗೆ ಅದೇ ಎಂಟೂವರೆಗೆ ನಾನೇ ಫೋನ್ ಮಾಡುತ್ತೇನೆ.